ಗೂಬೆಗರಿಯ ತೊಟ್ಟಿಲು, ಸ್ವಂತ ಬಳಕೆಗೆ

ಎಲ್ಲರೂ ಅಪಾ, ಅಂದರೆ ಅಜ್ಜಿ, ಎಂದು ಕರೆಯುವ ಕುಲ್ಪಾಶ್ ಹುಟ್ಟಿದ್ದು ಚಿರ್ಚಿಕ್ ನದಿಯ ದಡದ ಕಜಕ್ ಹಳ್ಳಿಯಲ್ಲಿ. ಅಲ್ಲಿಂದ ಶಿಮ್‌ಕೆಂತಿಗೆ ಆಗ ನೇರ ಬಸ್ಸಿತ್ತು. ಅಪಾ ಊರು ಬಿಟ್ಟು ಕದಲಲಿಲ್ಲ. ಇದ್ದ ಒಂದು ದೇಶ ಒಡೆದು ಹಲವಾದಾಗ ಅವರ ಊರು ಒಂದು ದೇಶಕ್ಕೂ ಶಿಮ್‌ಕೆಂತ್ ಇನ್ನೊಂದಕ್ಕೂ ಸೇರಿ, ನಡುವೆ ಸುಂಕದ ಕಟ್ಟೆ ಬಂತು. ನಲವತ್ತು ವರ್ಷ ಹೆರಿಗೆ ಆಸ್ಪತ್ರೆಯ ದಾದಿಯಾಗಿದ್ದ ಅವರ ಬಳಿ ಅಜ್ಜಿಯ ಕಾಲದ ತೊಟ್ಟಿಲೊಂದಿದೆ. ತಲೆಯ ಬದಿಗೆ ಕೊಂಬಿನ ಗೂಬೆಯ ಗರಿಗಳ ಗೊಂಚಲು. ಆ ಗರಿಯಿಲ್ಲದ ತೊಟ್ಟಿಲಲ್ಲಿ ಮಲಗಿದ ಮಗುವಿಗೆ ದೃಷ್ಟಿ ತಾಗುವುದೆಂಬ ವಿಷಯದಲ್ಲಿ ಆ ಆಸ್ಪತ್ರೆಯ ವೈದ್ಯರಿಗೂ ಭಿನ್ನಾಭಿಪ್ರಾಯವಿರಲಿಲ್ಲ.

ಶಿಮ್‌ಕೆಂತಿನಲ್ಲಿ ಮೊಮ್ಮಗಳು ಜಾನಾರ್ ಹೆಣ್ಣು ಹೆತ್ತಳು. ತೊಟ್ಟಿಲು ತರಬೇಕಾದವರು ತಾಯಿಯ ಕಡೆಯವರು. ತಪ್ಪಿದರೆ ಅತ್ತೆ ಅಂಗಡಿಯದನ್ನು ತಂದು, ಅದನ್ನು ಜೀವಮಾನವಿಡೀ ಎತ್ತಿ ಆಡುವ ಹಕ್ಕು ಪಡೆಯುತ್ತಾಳೆ. ಶಾಸ್ತ್ರ ಮಧ್ಯಾಹ್ನಕ್ಕಿತ್ತು. ಅಪಾ ಬೆಳಿಗ್ಗೆ ಎಂಟಕ್ಕೇ ಕಟ್ಟೆಯಲ್ಲಿದ್ದರು. ಸುಂಕದ ಅಧಿಕಾರಿ ಎರ್ಮೆಕ್ ತೊಟ್ಟಿಲ ಮುಂದೆ ನಿಂತ.

"ಇದ್ಯಾವ ಗರಿ, ಅಪಾ?"

"ನಿನ್ನ ತೊಟ್ಟಿಲಿಗೂ ಇದನ್ನೇ ಕಟ್ಟಿದ್ರು ಕಣಪ್ಪಾ. ನೋಡು ಹೆಂಗೆ ಬೆಳೆದಿದೀಯ, ಹೊಟ್ಟೆ ಸಮೇತ."

"ಹೌದು, ನನ್ನ ಮಗಳದ್ದಕ್ಕೂ ಕಟ್ಟಿದೀವಿ. ಆದ್ರೆ ಅದು ಗಡಿ ದಾಟಿಲ್ಲ. ಈ ಹಕ್ಕಿ ಅಳಿವಿನ ಪಟ್ಟೀಲಿದೆ. ಪರವಾನಗಿ ಬೇಕು."

"ಆ ಗೂಬೆ ಸತ್ತು ತೊಂಬತ್ತು ವರ್ಷ ಆಯ್ತು."

"ಹಾಗಾದ್ರೆ ಪುರಾತನ ವಸ್ತು. ಅದಕ್ಕೆ ಬೇರೆ ಪರವಾನಗಿ. ಗರಿ ಬಿಚ್ಚಿಟ್ಟು ಹೋಗಿ."

"ಗರಿ ಬಿಚ್ಚಿದ್ರೆ ಇದು ಮರದ ಪೆಟ್ಟಿಗೆ. ಬೀಗಿತ್ತಿ ಮನೆಗೆ ನೀನೇ ಹೊತ್ಕೊಂಡು ಹೋಗು."

ಅಪಾ ಅಲ್ಲೇ ನೆಲದ ಮೇಲೆ ಕುಳಿತರು. ಹಿಂದಿನ ಸಾಲು ಬೆಳೆಯಿತು. ಹತ್ತು ಗಂಟೆಗೆ ಎರ್ಮೆಕ್ ನಿಯಮದ ಪುಸ್ತಕದೊಡನೆ ಮರಳಿದ.

"ಇದು ಉಡುಗೊರೆನಾ? ಯೋಚ್ನೆ ಮಾಡಿ ಹೇಳಿ. ಉಡುಗೊರೆ ಆದ್ರೆ ಜಪ್ತಿ. ಪ್ರಯಾಣಿಕರ ಸ್ವಂತ ಬಳಕೆದಾದ್ರೆ ಬಿಡಬಹುದು."

ಅಪಾ ಯೋಚಿಸಿದರು. "ಸ್ವಂತದ್ದೇ. ನಾನೇ ಮಲಗ್ತೀನಿ."

"ವಯಸ್ಸು?"

"ಎಪ್ಪತ್ತೆರಡು."

"ಕಾಲು ಮಡಚಿ ಮಲಗ್ತಾರೆ ಅಂತ ಬರೀಲಾ?"

"ಬರಿ. ಅನುಮಾನ ಇದ್ರೆ ನಿಮ್ಮ ದೊಡ್ಡ ಸಾಹೇಬ್ರು ಬಂದು ತೂಗ್ಲಿ."

ಹಾಗೆಯೇ ದಾಖಲಾಯಿತು, ಮೂರು ಮುದ್ರೆಗಳೊಡನೆ. ಕೊನೆಯ ಸಾಲಿನಲ್ಲಿ ಷರತ್ತೊಂದಿತ್ತು: ತಂದವರು ದೇಶ ಬಿಡುವಾಗ ವಸ್ತುವನ್ನೂ ಒಯ್ಯತಕ್ಕದ್ದು. ಹನ್ನೆರಡಕ್ಕೆ ಹತ್ತು ನಿಮಿಷವಿರುವಾಗ ತೊಟ್ಟಿಲು ಮನೆ ಸೇರಿತು. ಬೀಗಿತ್ತಿ ಗರಿಗಳನ್ನು ಮುಟ್ಟಿ ನೋಡಿ, ಎತ್ತಿ ಆಡಲು ಏನೂ ಸಿಗದೆ, ತಾನೇ ಹಾಸಿಗೆ ಹಾಸಿದಳು. ಮಗು ಮಲಗಿತು.

ಈ ವೃತ್ತಾಂತವನ್ನು ನಾನು ಕೇಳಿ ಬರೆದುಕೊಂಡದ್ದು ಶಿಮ್‌ಕೆಂತಿನಲ್ಲೇ, ಏಳು ತಿಂಗಳ ತರುವಾಯ. ಮಗು ತೊಟ್ಟಿಲು ಬಿಡದೆ ಅಪಾ ಊರಿಗೆ ಹೋಗುವಂತಿಲ್ಲ. ಅವರ ವಾಸದ ನೋಂದಣಿಯನ್ನು ಜಾನಾರಳ ಗಂಡ ಎರಡು ಸಲ ಮುಂದುವರಿಸಿದ್ದಾನೆ. ಮನೆಯ ಚಹಾಕ್ಕೆ ಹಾಲು ಕಡಿಮೆಯೆಂದು ಅಪಾ ದಿನವೂ ಹೇಳುತ್ತಾರೆ. ಬೀಗಿತ್ತಿ ಬೆಳಿಗ್ಗೆ ಸಂಜೆ ಮಗುವಿನ ಎರಡೂ ಕೈ ಹಿಡಿದು, ಜಮಖಾನದ ಮೇಲೆ ನಿಲ್ಲಿಸಿ, ನಡೆಯಲು ಕಲಿಸುತ್ತಾಳೆ.