ಮೀಸೆ ಚಿಗುರಿದಾಗ ನಾನು ಬಸುರಿಯಾಗಿದ್ದೆ

ಮೊನ್ನೆ ಗಾಂಧಿ ಬಜಾರಿನಲ್ಲಿ ಹೂವು ಕೊಳ್ಳುತ್ತಿದ್ದಾಗ ಹಳೆಯ ಗೆಳೆಯ ರಘು ಸಿಕ್ಕಿದ. ಜೊತೆಯಲ್ಲಿ ಹೊಸ ಸೊಸೆ. ನನ್ನನ್ನು ತೋರಿಸಿ, ಮುಖದಲ್ಲಿ ಒಂದಿಷ್ಟೂ ನಗುವಿಲ್ಲದೆ ಪರಿಚಯ ಮಾಡಿಕೊಟ್ಟ: "ಇವನ ಮಗುವಿಗೆ ನಾನು ಅಪ್ಪ ಆಗ್ಬೇಕಿತ್ತಮ್ಮ. ಸ್ವಲ್ಪದರಲ್ಲಿ ತಪ್ಪಿಹೋಯ್ತು."

ಸೊಸೆ ನನ್ನ ನರೆತ ಮೀಸೆ ನೋಡಿದಳು. ಬೋಳುತಲೆ ನೋಡಿದಳು. ಆಮೇಲೆ ಮಾವನನ್ನು ನೋಡಿದಳು. ಪಾಪ, ಎಂಥ ಮನೆ ಸೇರಿದೆನಪ್ಪಾ ಅಂದುಕೊಂಡಿರಬೇಕು.

ಅವನು ಹೇಳಿದ್ದರಲ್ಲಿ ಸುಳ್ಳೇನೂ ಇಲ್ಲ. ಒಂದು ಇಡೀ ವಾರ ನಾನು ಬಸುರಿಯಾಗಿದ್ದೆ. ಆ ವಿಷಯ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ನನ್ನೊಬ್ಬನನ್ನು ಬಿಟ್ಟು.

ಖಾಯಂ ಓದುಗರಿಗೆ ನನ್ನ ಕತೆ ಗೊತ್ತೇ ಇದೆ. ಹುಟ್ಟಿದಾಗ ಹೆಣ್ಣು ಅಂದುಕೊಂಡು ಹೆಸರಿಟ್ಟರು, ಜಡೆ ಹಾಕಿದರು, ಲಂಗ ಹೊಲಿಸಿದರು. (ಆ ಹಳೆಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅದು ರಿಟೈರ್ ಆಗಿದೆ, ನೆಮ್ಮದಿಯಾಗಿರಲಿ.) ನಾನು ಗಂಡಸು ಎಂದು ನನಗೆ ಮೊದಲಿನಿಂದ ಗೊತ್ತಿತ್ತು. ಊರಿಗೆ ತಿಳಿಸುವುದು ತಡವಾಯಿತು, ಅಷ್ಟೆ.

ಎಂಬತ್ತರ ದಶಕದ ನಡುವೆ, ನನಗೆ ಇಪ್ಪತ್ತಾರು ವರ್ಷವಾಗಿದ್ದಾಗ, ಚಾಮರಾಜಪೇಟೆಯ ಒಬ್ಬ ಡಾಕ್ಟರು ಬಹಳ ಯೋಚಿಸಿ, ದಪ್ಪ ಪುಸ್ತಕಗಳನ್ನೆಲ್ಲ ತಿರುವಿಹಾಕಿ, ಟೆಸ್ಟೋಸ್ಟೆರಾನ್ ಇಂಜೆಕ್ಷನ್ ಶುರು ಮಾಡಿದರು. ಬೇರೆ ಗಂಡಸರಿಗೆ ಈ ಹಾರ್ಮೋನು ಮೈಯಲ್ಲೇ ಪುಕ್ಕಟೆ ಹುಟ್ಟುತ್ತದೆ. ನನಗೆ ಸೊಂಟದ ಕೆಳಗೆ ಚುಚ್ಚಬೇಕು. ಎಣ್ಣೆಯಂಥ ಔಷಧಿ. ಚುಚ್ಚಿಸಿಕೊಂಡ ಮೇಲೆ ಎರಡು ದಿನ ಆಫೀಸಿನ ಕುರ್ಚಿಯಲ್ಲಿ ಒಂದೇ ಪಕ್ಕಕ್ಕೆ ಕೂರುತ್ತಿದ್ದೆ. ಕರೆದುಕೊಂಡು ಹೋಗುತ್ತಿದ್ದವನು ಪಕ್ಕದ ಟೇಬಲ್ಲಿನ ರಘು. ಅವನ ಸ್ಕೂಟರಿನ ಹಿಂದೆ ನಾನು, ಇನ್ನೂ ಸೀರೆಯಲ್ಲೇ.

ಮನೆಯಲ್ಲಿ ಇದ್ದದ್ದು ಅಮ್ಮ ಮತ್ತು ಅಪ್ಪನ ಅಕ್ಕ ಪುಟ್ಟತ್ತೆ. ಅಪ್ಪ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಇಬ್ಬರಿಗೂ ನಾನು ಏನೂ ಹೇಳಿರಲಿಲ್ಲ. ಒಳ್ಳೆಯ ಸಮಯ ನೋಡಿ ಹೇಳೋಣ ಅಂದುಕೊಂಡಿದ್ದೆ. ಒಳ್ಳೆಯ ಸಮಯ ಯಾವತ್ತಾದರೂ ಬರುತ್ತದೆಯೇ? ಅದೇನು ಬಸ್ಸೇ?

ಚಿಂತೆ ಮಾಡುವುದರಲ್ಲಿ ನಾನು ಗಟ್ಟಿಗ. ಏನೇನಾಗಬಹುದು ಎಂದು ಡಾಕ್ಟರನ್ನು ಕೇಳಿಕೇಳಿ ಅವರ ತಲೆ ತಿಂದಿದ್ದೆ. ಪ್ರತಿಯೊಂದಕ್ಕೂ ಒಂದೊಂದು ಸುಳ್ಳನ್ನು ಮಡಚಿ ರೆಡಿ ಇಟ್ಟುಕೊಂಡಿದ್ದೆ.

ಮೊದಲು ಗಂಟಲು ಹೋಯಿತು. ಮಾತಿನ ಮಧ್ಯೆ ದನಿ ಇದ್ದಕ್ಕಿದ್ದಂತೆ ಕೆಳಗೆ ಬೀಳುವುದು, ಮತ್ತೆ ಕೀಚಲಾಗಿ ಮೇಲೇಳುವುದು. ಶೀತ ಎಂದು ಮಫ್ಲರ್ ಸುತ್ತಿಕೊಂಡೆ. ಅಮ್ಮ ದಿನಾ ಸಂಜೆ ಮೆಣಸಿನ ಕಷಾಯ ಕುಡಿಸಿದಳು. ಎಷ್ಟು ಕುಡಿದರೂ ಗುಣವಾಗಲಿಲ್ಲ. ದೇವರ ದಯೆ.

ಆಮೇಲೆ ಮೊಡವೆ. ಆಫೀಸಿನ ಹುಡುಗಿಯರೆಲ್ಲ ಮೊಡವೆ ಮುಗಿಸಿ ಮಕ್ಕಳನ್ನು ಸ್ಕೂಲಿಗೆ ಹಾಕುವ ವಯಸ್ಸಿನಲ್ಲಿ ನನ್ನ ಕೆನ್ನೆ ಜೋಳದ ತೆನೆ ಆಯಿತು. ಸೆಕೆ ಅಂದೆ. ಪುಟ್ಟತ್ತೆ ಗಂಧ ತೇಯ್ದು ಹಚ್ಚಿದರು. ಅದರಿಂದಲೂ ಏನೂ ಆಗಲಿಲ್ಲ, ಮನೆಯೆಲ್ಲ ಘಮಘಮ ಅಂದಿತು.

ಸೆಕೆ ಅಂದದ್ದು ಪೂರ್ತಿ ಸುಳ್ಳಲ್ಲ. ಮೈ ಒಲೆಯಾಗಿತ್ತು. ನಾನು ಫ್ಯಾನನ್ನು ಐದಕ್ಕೆ ತಿರುಗಿಸುತ್ತಿದ್ದೆ. ಪುಟ್ಟತ್ತೆ ಶಾಲು ಹೊದ್ದು ಬಂದು ಒಂದಕ್ಕೆ ಇಳಿಸುತ್ತಿದ್ದರು. ಯಾರೋ ಮತ್ತೆ ಐದಕ್ಕೆ ಏರಿಸುತ್ತಿದ್ದರು. (ಅದು ಯಾರು ಎಂದು ನಾನು ಆಗ ಯೋಚಿಸಲೇ ಇಲ್ಲ.)

ಇನ್ನು ಹಸಿವು. ಅಯ್ಯೋ, ಆ ಹಸಿವು. ಬೆಳಗ್ಗೆ ತಟ್ಟೆ ತುಂಬ ಉಪ್ಪಿಟ್ಟು ತಿಂದು, ಆಫೀಸಿನಲ್ಲಿ ನನ್ನ ಡಬ್ಬಿಯ ಜೊತೆ ರಘುವಿನ ಡಬ್ಬಿಯನ್ನೂ ಮುಗಿಸಿ, ಸಂಜೆ ವಿಶ್ವೇಶ್ವರಪುರದ ತಿಂಡಿ ಬೀದಿಯಲ್ಲಿ ಇಳಿದು ದೋಸೆ, ಪಡ್ಡು, ಹೋಳಿಗೆ ಎಲ್ಲವನ್ನೂ ವಿಚಾರಿಸಿಕೊಂಡು ಮನೆಗೆ ಬಂದು "ಅಮ್ಮಾ, ಊಟಕ್ಕೆ ಏನು?" ಅನ್ನುತ್ತಿದ್ದೆ. ಹೊಟ್ಟೆ ಮುಂದೆ ಬಂತು. ಬರದೆ ಏನು ಮಾಡೀತು?

ಮೂಗಿನ ಕೆಳಗೆ ನಾಲ್ಕು ಕೂದಲು ಬಂದ ದಿನ ಬಚ್ಚಲುಮನೆಯ ಕನ್ನಡಿ ಬಿಟ್ಟು ಕದಲಲಿಲ್ಲ. (ಇನ್ನೂ ಕೆಲವು ಬದಲಾವಣೆಗಳಾದವು. ಇದು ಸಂಸಾರಸ್ಥರು ಓದುವ ಪತ್ರಿಕೆ, ಮುಂದೆ ಹೋಗೋಣ.)

ಹೀಗೆ ಮೈಯಲ್ಲಿ ಆದದ್ದನ್ನೆಲ್ಲ ಮುಚ್ಚಿಟ್ಟೆ. ನನ್ನನ್ನು ಸಿಕ್ಕಿಹಾಕಿಸಿದ್ದು ಆಗದೇ ಹೋದ ಒಂದು ಸಂಗತಿ.

ಆಗಿನ ಬಸವನಗುಡಿಯ ನಮ್ಮಂಥ ಮನೆಗಳಲ್ಲಿ ಹೆಂಗಸರು ತಿಂಗಳಿಗೆ ಮೂರು ದಿನ ಹೊರಗೆ ಕೂರುತ್ತಿದ್ದರು. ಹಿತ್ತಿಲ ಕಡೆಯ ಕೋಣೆ, ಬೇರೆ ಚಾಪೆ, ಬೇರೆ ತಟ್ಟೆ, ಬೇರೆ ಲೋಟ. ಅಡುಗೆಮನೆಗೆ ಕಾಲಿಡುವಂತಿಲ್ಲ, ಯಾರನ್ನೂ ಮುಟ್ಟುವಂತಿಲ್ಲ. ಚಿಕ್ಕ ಮಕ್ಕಳು ಕೇಳಿದರೆ ಕಾಗೆ ಮುಟ್ಟಿದೆ ಅನ್ನುವುದು. ಇದಕ್ಕೆ ಗುಟ್ಟಿನ ವಿಷಯ ಎಂದು ಹೆಸರು. ಯಾರ ಮನೆಯಲ್ಲಿ ಯಾರು ಯಾವತ್ತು ಹೊರಗೆ ಎಂಬುದು ಬೀದಿಯ ಹೂವಿನವಳಿಗೂ ಗೊತ್ತಿರುತ್ತಿತ್ತು. ಇದೆಂಥ ಗುಟ್ಟು ಸ್ವಾಮಿ?

ಇಂಜೆಕ್ಷನ್ನಿನಿಂದ ಅದೂ ನಿಂತುಹೋಯಿತು. ನಿಲ್ಲಬಹುದು ಎಂದು ಡಾಕ್ಟರು ಹೇಳಿದ್ದರು. ನಿಂತಾಗ ನನಗೆ ಎಷ್ಟು ಖುಷಿಯಾಯಿತೆಂದರೆ, ಹಿತ್ತಿಲ ಕೋಣೆಯಲ್ಲಿ ಚಾಪೆ ಹಾಸಿಕೊಂಡು ನಾಟಕ ಮುಂದುವರಿಸಬೇಕು ಎಂಬುದೇ ಹೊಳೆಯಲಿಲ್ಲ. ಎಲ್ಲದಕ್ಕೂ ಸುಳ್ಳು ತಯಾರಿಟ್ಟಿದ್ದ ಈ ಮಹಾಶಯ ಅಡುಗೆಮನೆಯಲ್ಲಿ ಹಾಡು ಹೇಳಿಕೊಂಡು ಕಾಯಿ ತುರಿಯುತ್ತಿದ್ದ.

ಪುಟ್ಟತ್ತೆಗೆ ಹೊಳೆಯಿತು.

ಅವರು ಒಂದು ತಿಂಗಳು ಸುಮ್ಮನಿದ್ದರು. ಎರಡನೆಯ ತಿಂಗಳೂ ನಾನು ಹೊರಗೆ ಕೂರಲಿಲ್ಲ. ಮುಖದಲ್ಲಿ ಮೊಡವೆ, ಮೈಯೆಲ್ಲ ಕಾವು, ಬಕಾಸುರನ ಹಸಿವು, ಮುಂದೆ ಬರುತ್ತಿರುವ ಹೊಟ್ಟೆ. ಅದರ ಮೇಲೆ, ಬಸ್ಸಿನ ಕಿಟಕಿಯಿಂದ ಅವರು ತಮ್ಮ ಕಣ್ಣಾರೆ ಕಂಡದ್ದು: ಚಾಮರಾಜಪೇಟೆಯಲ್ಲಿ ಒಬ್ಬ ಹುಡುಗನ ಸ್ಕೂಟರಿನಿಂದ ಇಳಿದು ನಾನು ಹೆರಿಗೆ ಆಸ್ಪತ್ರೆಯೊಳಗೆ ಹೋದದ್ದು. ನನ್ನ ಡಾಕ್ಟರ ಕೋಣೆ ಆ ಆಸ್ಪತ್ರೆಯ ಮಹಡಿಯ ಮೇಲಿತ್ತು. ಮಹಡಿಯ ವಿಷಯ ಬಸ್ಸಿನಿಂದ ಕಾಣುವುದಿಲ್ಲ.

ನೀವೇ ಹೇಳಿ, ನೀವು ಪುಟ್ಟತ್ತೆಯಾಗಿದ್ದರೆ ಏನು ತಿಳಿಯುತ್ತಿದ್ದಿರಿ?

ಅವರು ಅಮ್ಮನ ಕಿವಿಗೆ ಹಾಕಿದರು, ಇಬ್ಬರೂ ಸೇರಿ ಸ್ಕೂಟರಿನ ಹುಡುಗ ಯಾರೆಂದು ಪತ್ತೆಮಾಡಿದರು. ಮುಂದಿನ ಭಾನುವಾರ ಅಮ್ಮ ನನಗೆ ತಿಳಿಸದೆ ರಘುವನ್ನು ತಿಂಡಿಗೆ ಕರೆಸಿದಳು. ಕೇಸರಿಬಾತು, ಉಪ್ಪಿಟ್ಟು, ಬೋಂಡ. ಹೆಣ್ಣು ನೋಡಲು ಬಂದವರಿಗೆ ಮಾಡುವ ತಿಂಡಿ. ರಘುವಿಗೆ ತಿಂಡಿಯ ಮುಂದೆ ಬೇರೇನೂ ಕಾಣುವುದಿಲ್ಲ. ಎರಡನೆಯ ಸಲ ಕೇಸರಿಬಾತು ಹಾಕಿಸಿಕೊಳ್ಳುವಾಗ ಅಮ್ಮ ಮೆಲ್ಲಗೆ ಕೇಳಿದಳು, ನಿಮ್ಮದು ಯಾವ ಗೋತ್ರ?

ಭಾರದ್ವಾಜ, ಅಂದ ಅವನು, ಬಾಯಿ ತುಂಬ ಕೇಸರಿಬಾತು ಇಟ್ಟುಕೊಂಡು.

ಅಮ್ಮ ಅಲ್ಲೇ ಗೋಡೆಗೆ ಒರಗಿ ಕುಸಿದಳು. ನಮ್ಮದೂ ಅದೇ. ಒಂದೇ ಗೋತ್ರದವರೆಂದರೆ ಒಡಹುಟ್ಟಿದವರ ಲೆಕ್ಕ, ಮದುವೆ ಕೂಡದು. ಸುಲ್ತಾನ್‌ಪೇಟೆಗೆ ಹೋಗಿ ಲಗ್ನಪತ್ರಿಕೆಯ ಸ್ಯಾಂಪಲ್ ನೋಡಿಕೊಂಡು ಬಂದಿದ್ದ ಪುಟ್ಟತ್ತೆ ಹಣೆ ಚಚ್ಚಿಕೊಂಡರು.

"ಸಗೋತ್ರ ಅಂತಾನೂ ವಿಚಾರಿಸ್ದೇ ಹೊಟ್ಟೆಗೆ ತಂದ್ಕೊಂಡ್ಯಲ್ಲೇ," ಅಂದರು ನನಗೆ.

ಆಗ ಅರ್ಥವಾಯಿತು. ರಘುವಿಗೂ ಅರ್ಥವಾಯಿತು. ಅವನು ತಟ್ಟೆ ಕೆಳಗಿಟ್ಟ. (ಅವನು ತುಂಬಿದ ತಟ್ಟೆ ಕೆಳಗಿಟ್ಟದ್ದನ್ನು ಅದೊಂದೇ ಸಲ ನೋಡಿದ್ದು.) ನನ್ನ ಕಡೆ ತಿರುಗಿ ಮೆಲ್ಲಗೆ, "ನೀನೇ ಹೇಳ್ಬಿಡು ಗುರು," ಅಂದ.

ಹೇಳುವುದು ಹೇಗೆ? ಅಷ್ಟರಲ್ಲಿ ಅಮ್ಮ ಎದ್ದು ನಿಂತಳು. ಸೆರಗಿನಿಂದ ಮುಖ ಒರೆಸಿಕೊಂಡಳು.

"ಆ ಆಸ್ಪತ್ರೆ ಮೆಟ್ಲು ಇನ್ನು ನೀನು ಹತ್ತಕೂಡದು. ನಾಳೆ ನಾನೇ ಹೋಗಿ ಆ ಡಾಕ್ಟರಿಗೆ ಹೇಳ್ತೀನಿ. ತೆಗೆಸಕ್ಕೆ ನಾನು ಬಿಡಲ್ಲ. ಜನ ಏನಾದ್ರೂ ಅಂದ್ಕೊಳ್ಲಿ. ಮಗೂನ ನಾನೇ ಸಾಕ್ತೀನಿ."

ಓದುಗರೇ, ಅವಳ ಕಾಲದ, ಅವಳ ಬೀದಿಯ ಹೆಂಗಸು ಈ ಮಾತು ಆಡಬೇಕಾದರೆ ಎಷ್ಟು ರಾತ್ರಿ ನಿದ್ದೆ ಬಿಟ್ಟಿರಬೇಕು ಯೋಚಿಸಿ. ಇಲ್ಲದ ಮಗುವಿಗಾಗಿ ಊರನ್ನೇ ಎದುರು ಹಾಕಿಕೊಳ್ಳಲು ಅವಳು ನಿಂತಿದ್ದಳು. ಇರುವ ಮಗನ ವಿಷಯ ಬಚ್ಚಿಟ್ಟುಕೊಂಡು ನಾನೂ ನಿಂತಿದ್ದೆ. ಈಗ ಸುಮ್ಮನಿದ್ದರೆ ನಾಳೆಯಿಂದ ಇಂಜೆಕ್ಷನ್ ಇಲ್ಲ. ನನ್ನ ಮೈ ನನ್ನದಾಗುತ್ತಿರುವುದು ಅಲ್ಲಿಗೆ ನಿಂತಂತೆ.

ಮಫ್ಲರ್ ಬಿಚ್ಚಿದೆ.

"ಬಸುರಿ ಅಲ್ಲಮ್ಮ. ಆ ಡಾಕ್ಟ್ರು ಇಂಜೆಕ್ಷನ್ ಕೊಡ್ತಿದಾರೆ, ಗಂಡಸರ ಹಾರ್ಮೋನು. ನಾನೇ ಕೇಳಿ ಹಾಕಿಸ್ಕೊತಿದೀನಿ. ಚಿಕ್ಕಂದಿನಿಂದ ನಾನು ಹೇಗೆ ಅಂತ ನಿಂಗೊತ್ತು. ನಾನು ಗಂಡಸಾಗೇ ಬದುಕ್ತೀನಿ. ಇದು ಶೀತ ಅಲ್ಲ. ನನ್ನ ಗಂಟಲೇ ಇದು."

ಕಡೆಯ ಮಾತಿಗೆ ದನಿ ಒಡೆದು ಕೋಳಿಯಂತೆ ಕೂಗಿತು. ಮಹತ್ವದ ಗಳಿಗೆಗಳಲ್ಲಿ ಹಾರ್ಮೋನಿಗೆ ಮರ್ಯಾದೆ ಗೊತ್ತಿಲ್ಲ.

ಅಮ್ಮ ನನ್ನ ಹೊಟ್ಟೆಯ ಕಡೆ ಬೆರಳು ತೋರಿಸಿ ಕೇಳಿದಳು, "ಹಾಗಾದ್ರೆ ಹೊಟ್ಟೇಲಿ ಏನೂ ಇಲ್ವಾ?"

"ದೋಸೆ ಇದೆಯಮ್ಮ."

"ಸದ್ಯ," ಅಂದಳು. ದೇವರ ಮುಂದೆ ಹೋಗಿ ತುಪ್ಪದ ದೀಪ ಹಚ್ಚಿದಳು. ನಾನು ಹೇಳಿದ ಉಳಿದ ಮಾತು ಅವಳ ತಲೆಗೆ ಇಳಿಯಲು ಮಧ್ಯಾಹ್ನವಾಯಿತು. ಇಳಿದ ಮೇಲೆ ಅತ್ತಳು. ಕೆಲವು ದಿನ ನನ್ನೊಂದಿಗೆ ಮಾತು ಬಿಟ್ಟಳು. ಆದರೆ ತಟ್ಟೆಗೆ ಅನ್ನ ಬಡಿಸುವಾಗ ಸಾಕು ಅನ್ನಿಸಿಕೊಳ್ಳುವವರೆಗೂ ಕೈ ನಿಲ್ಲಿಸಲಿಲ್ಲ.

ಪುಟ್ಟತ್ತೆಯ ಚಿಂತೆ ಬೇರೆ. "ಸಗೋತ್ರ ಅಂತ ಸುಮ್ನೆ ಹೆದರಿದ್ನಲ್ಲ. ಇಬ್ರೂ ಗಂಡಸ್ರು ಅಂದ್ಮೇಲೆ ಅಣ್ಣತಮ್ಮಂದಿರಾದ್ರು. ಆ ಹುಡುಗನಿಗೆ ಇನ್ನೊಂದು ಬೋಂಡ ಹಾಕ್ಬಹುದಿತ್ತು," ಅಂದರು.

ಮಾತು ಬಿಟ್ಟಿದ್ದ ಅಮ್ಮ ಒಂದು ಸಂಜೆ ಬಂದು ಫ್ಯಾನಿನ ಕೆಳಗೆ ನನ್ನ ಪಕ್ಕ ಕೂತಳು. ಐದಕ್ಕೆ ತಿರುಗಿಸಿದಳು. ಕುತ್ತಿಗೆಯ ಬೆವರು ಒರೆಸಿಕೊಂಡು, ನಿನಗೆ ಹೀಗೆ ಕಾವೇರುವುದು ಆ ಇಂಜೆಕ್ಷನ್ನಿನಿಂದಲೋ ಎಂದು ಕೇಳಿದಳು. ಹೌದಂತೆ ಅಂದೆ.

"ನಂಗೆ ಇಂಜೆಕ್ಷನ್ ಇಲ್ದೇನೇ ಆಗ್ತಿದೆ. ಮುಟ್ಟು ನಿಂತಾಗಿನಿಂದ. ನಿದ್ದೇನೂ ಇಲ್ಲ. ಯಾರನ್ನ ಕೇಳ್ಬೇಕು ಅಂತಾನೇ ಗೊತ್ತಾಗ್ಲಿಲ್ಲ."

ನೋಡಿ, ನಮ್ಮ ಮನೆಯ ಲೆಕ್ಕಾಚಾರ. ನನ್ನದು ನಿಂತರೆ ಲಗ್ನಪತ್ರಿಕೆಯ ಸ್ಯಾಂಪಲ್ ಬರುತ್ತದೆ. ಅಮ್ಮನದು ನಿಂತರೆ ಚಾಪೆಯನ್ನು ಅಟ್ಟಕ್ಕೆ ಎಸೆದು ಮರೆಯುತ್ತಾರೆ. ಮುಂದಿನ ಸಲ ಡಾಕ್ಟರ ಹತ್ತಿರ ಇಬ್ಬರೂ ಹೋದೆವು, ಬಸ್ಸಿನಲ್ಲಿ. ಈ ಔಷಧಿಯಿಂದ ಮಗುವಿನ (ಅಂದರೆ ನನ್ನ) ಜೀವಕ್ಕೆ ಏನಾದರೂ ತೊಂದರೆಯಿದೆಯೇ ಎಂದು ಅಮ್ಮ ಮೊದಲು ಕೇಳಿದಳು. ರಕ್ತ ಪರೀಕ್ಷೆ ಮಾಡಿಸುತ್ತಾ ಎಚ್ಚರದಿಂದ ಹೋಗೋಣ, ಈ ಹಸಿವು ಮೊಡವೆಯೆಲ್ಲ ಹದಿನೈದರ ಹುಡುಗನಿಗೆ ಆಗುವಂಥದ್ದೇ, ಕೆಲವಕ್ಕೆ ಕಾಲ ಬೇಕು ಅಂದರು ಅವರು. ಅಮ್ಮ ಆಮೇಲೆ ತನ್ನ ಬೆವರಿನ ಮಾತು ತೆಗೆದಳು. ನನಗಿಂತ ಹೆಚ್ಚು ಹೊತ್ತು ಒಳಗಿದ್ದವಳು ಅವಳೇ. ಹೊರಗೆ ಬಂದು, ಇನ್ನು ಮೆಣಸಿನ ಕಷಾಯ ಮಾಡುವುದಿಲ್ಲ ಅಂದಳು.

ಜಡೆ ಹೋಯಿತು, ಪ್ಯಾಂಟು ಬಂತು, ಬೀದಿಯವರು ನೋಡಿ ನೋಡಿ ಸುಸ್ತಾದರು. ಆದರೂ ಅಮ್ಮ, ಪುಟ್ಟತ್ತೆ ನನ್ನನ್ನು ನಿಜವಾಗಿ ಒಪ್ಪಿಕೊಂಡರೋ, ಸಹಿಸಿಕೊಂಡಿದ್ದಾರೋ ಎಂಬ ಚಿಂತೆ ಹೋಗಲಿಲ್ಲ. (ಹೇಳಿದೆನಲ್ಲ, ಗಟ್ಟಿಗ.)

ಹಾಗಿರುವಾಗ ಒಂದು ಬೆಳಗ್ಗೆ ಕಾಫಿಗೆಂದು ಅಡುಗೆಮನೆಗೆ ಹೋದೆ. ಪುಟ್ಟತ್ತೆ ಅಮ್ಮನ ಕಿವಿಯ ಹತ್ತಿರ ಬಗ್ಗಿ, ಮೂಲೆಮನೆಯ ಸೊಸೆ ಗಂಟುಮೂಟೆ ಸಮೇತ ತವರಿಗೆ ಹೋದ ಕತೆ ಹೇಳುತ್ತಿದ್ದರು. ಅಂಥ ಕತೆಗಳನ್ನು ಅದೇ ಮಣೆಯ ಮೇಲೆ ಕೂತು ಇಪ್ಪತ್ತು ವರ್ಷ ಕೇಳಿದವನು ನಾನು. ಬಾಗಿಲಲ್ಲಿ ನನ್ನನ್ನು ಕಂಡದ್ದೇ ಅವರು ಅಮ್ಮನ ಮೊಣಕೈ ತಿವಿದರು. ಇಬ್ಬರ ಬಾಯಿಯೂ ಬಂದ್.

ಏನಾಯಿತಂತೆ ಎಂದು ಕೇಳಿದೆ.

"ಹೆಂಗಸರ ವಿಷ್ಯ, ನಿಂಗ್ಯಾಕೋ? ಹೋಗಿ ಪೇಪರ್ ಓದ್ಕೋ. ಕಾಫಿ ಅಲ್ಲಿಗೇ ಬರತ್ತೆ," ಅಂದರು ಪುಟ್ಟತ್ತೆ.

ಹೋಗಿ ಅಪ್ಪನ ಕುರ್ಚಿಯಲ್ಲಿ ಕೂತೆ. ಪೇಪರ್ ಮುಖಕ್ಕೆ ಅಡ್ಡ ಹಿಡಿದು ಅತ್ತುಬಿಟ್ಟೆ. ಯಾವ ಇಂಜೆಕ್ಷನ್ನೂ ಮಾಡದ ಕೆಲಸವನ್ನು ಆ ಒಂದು ತಿವಿತ ಮಾಡಿತ್ತು.

ಎಲ್ಲ ಸರಿ. ಆದರೆ ಆ ಮೂಲೆಮನೆಯ ಸೊಸೆ ಯಾಕೆ ಹೋದಳು ಎಂದು ನಾನೀಗ ಯಾರನ್ನು ಕೇಳಲಿ?