ಯಳವತ್ತಿ ಮಾಸ್ತರರ ಬಾಡಿಗೆ ಮನೆ

"ಅಡ್ಡಹೆಸರೇನ್ರಿ?"

ನಮ್ಮ ಕಡೆ ಬಾಡಿಗೆ ಮನೆ ಕೇಳಲು ಹೋದರೆ ಮೊದಲು ಎದುರಾಗುವ ಪ್ರಶ್ನೆ ಇದು. (ಹೆಸರು ಆಮೇಲೆ ಕೇಳಿದರೂ ನಡೆಯುತ್ತದೆ.)

ಕಳೆದ ತಿಂಗಳು ಬೆಟಗೇರಿಯ ಗುರಪ್ಪನವರ ಬಳಿ ಒಬ್ಬ ಮಾಸ್ತರರನ್ನು ಕರೆದುಕೊಂಡು ಹೋಗಿದ್ದೆ. ಗುರಪ್ಪನವರು ಅರಳೆ ವ್ಯಾಪಾರಿ. ಏಕೀಕರಣದ ಸಭೆಗಳಲ್ಲಿ ಗಂಟಲು ಹರಿಯುವಂತೆ ಭಾಷಣ ಮಾಡಿದವರು. ಮಾಸ್ತರರು ಶಿರಹಟ್ಟಿಯಿಂದ ಗದಗಕ್ಕೆ ವರ್ಗವಾಗಿ ಬಂದವರು. ಹೆಂಡತಿ ತುಂಬಿದ ಬಸುರಿ. ಮನೆ ಅರ್ಜೆಂಟಾಗಿ ಬೇಕಿತ್ತು.

"ಯಳವತ್ತಿ ರೀ," ಎಂದರು ಮಾಸ್ತರರು.

"ಹಂಗಂದ್ರ ನಮ್ಮವರ ಆದ್ರಿ. ಯಳವತ್ತಿಯವರು ನಮಗ ಬೀಗರಾಗಬೇಕು. ಬರ್ರಿ, ಕುಂಡ್ರಿ."

ಚಹಾ ಬಂತು. ಕೀಲಿಕೈಯೂ ಬಂತು.

ಊರ ಹೆಸರೇ ಅಡ್ಡಹೆಸರಾಗುವ ಸೀಮೆ ನಮ್ಮದು. ಯಳವತ್ತಿಯವರೆಲ್ಲ ಗುರಪ್ಪನವರ ಬೀಗರೇ? ಮಾಸ್ತರರು ಆ ಊರಿನ ಹರಿಜನ ಕೇರಿಯವರು. ಇವರು ಕೇಳಲಿಲ್ಲ, ಅವರು ಸುಳ್ಳು ಹೇಳಲಿಲ್ಲ.

ಮೊನ್ನೆ ಸೊಸೆಯ ಬಾಣಂತನಕ್ಕೆಂದು ಮಾಸ್ತರರ ತಾಯಿ ಬಂದರು. ಓಣಿಯ ಬಾಯಲ್ಲೇ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದರು. ಗುರಪ್ಪನವರ ಕಟ್ಟೆಯಿಂದ ದೂರ ನಿಂತು, "ಎಪ್ಪಾ, ಮಾಸ್ತರ ಮನಿ ಯಾವ್ದರಿ?" ಎಂದರು. ಜೀವಮಾನವಿಡೀ ಮೇಲಿನವರ ಓಣಿಯಲ್ಲಿ ಹಾಗೆಯೇ ನಡೆದವರು. ಪೇಟೆಯಲ್ಲಿ ಬೇರೆ ಥರ ನಡೆಯಬಹುದೆಂದು ಅವರಿಗೆ ಯಾರು ಹೇಳಬೇಕು?

ಗುರಪ್ಪನವರಿಗೆ ಅಷ್ಟು ಸಾಕಾಯಿತು. ನನಗೆ ಹೇಳಿ ಕಳಿಸಿದರು. ಮಾಸ್ತರರನ್ನೂ ಕರೆದುಕೊಂಡು ಹೋದೆ.

"ಮನಿ ಖಾಲಿ ಮಾಡಸ್ರಿ. ಅವರ ಮಂದಿಗಂತನ ಹಳಿ ಆಚಿ ಪ್ಲಾಟ್ ಹಾಕ್ಯಾರಲ್ಲ, ಅಲ್ಲಿ ಇರ್ಲಿ."

ಹಾಕಿದ್ದಾರೆ, ನಿಜ. ರೈಲ್ವೆ ಹಳಿಯಾಚೆ, ನಳದ ಪೈಪು ದಾಟದ ಜಾಗದಲ್ಲಿ. ಅಲ್ಲೇ ಹಾಕಬೇಕೆಂದು ತೀರ್ಮಾನಿಸಿದ ಕಮಿಟಿಯಲ್ಲಿ ಆ ಮಂದಿ ಒಬ್ಬರೂ ಇರಲಿಲ್ಲ. (ಗುರಪ್ಪನವರು ಇದ್ದರು.)

"ಅಸ್ಪೃಶ್ಯತೆ ಅಪರಾಧ ಅಂತ ಕಾಯದೆ ಬಂದೈತಲ್ರಿ," ಎಂದೆ.

"ಕಾಯದೆ ಖರೆ. ಮನಿ ನಂದು," ಎಂದರು. ಆಮೇಲೆ ಮಾಸ್ತರರ ಕಡೆ ತಿರುಗಿ, "ಊರ ಹೆಸರು ಹಚ್ಚಿಕೊಂಡು ಬಂದ್ರ ನಮಗ ಹೆಂಗ ತಿಳೀಬೇಕ್ರಿ?" ಎಂದರು.

"ಊರು ನಮ್ಮದೂ ಹೌದಲ್ರಿ," ಎಂದರು ಮಾಸ್ತರರು, ಮೆಲ್ಲಗೆ.

ನಾನು ಎಷ್ಟು ಜಗಳಾಡಿದರೂ ಗುರಪ್ಪನವರು ಜಗ್ಗಲಿಲ್ಲ. ಮರುದಿನ ಚಕ್ಕಡಿಯಲ್ಲಿ ಹಾಸಿಗೆ, ಪಾತ್ರೆ, ತುಂಬಿದ ಬಸುರಿ ಎಲ್ಲ ಹಳಿಯಾಚೆಯ ತಗಡಿನ ಖೋಲಿಗೆ ಹೊರಟವು.

ಮುದುಕಿ ಚಕ್ಕಡಿ ಹತ್ತುವ ಮೊದಲು ಗುರಪ್ಪನವರ ಮುಂದೆ ಕೈಮುಗಿದರು. "ನಾ ಬರಬಾರದಿತ್ರಿ, ಎಪ್ಪಾ. ತಪ್ಪೆಲ್ಲಾ ನಂದ."

ಇಷ್ಟೆಲ್ಲದರಲ್ಲಿ ತಪ್ಪು ಒಪ್ಪಿಕೊಂಡವರು ಆಕೆಯೊಬ್ಬರೇ.