ನೀರಡಿಕೆಯ ಇಂಗ್ಲಿಷ್

ದಸ್ತಗೀರ ಚಾಚಾನಿಗೆ ಅನುವಾದ ಮಾಡಲು ಮಟಮಟ ಮಧ್ಯಾಹ್ನವೇ ಬೇಕು. ಬಗಲಲ್ಲಿ ಕೊಡೆ ಇದ್ದರೂ ಬಿಚ್ಚುತ್ತಿರಲಿಲ್ಲ. ಬಬಲೇಶ್ವರದ ಬಸ್ಸು ಹಿಡಿದು ಸಾರವಾಡದಲ್ಲಿ ಇಳಿದು, ಬೋಳು ಎರೆಹೊಲದ ನಡುವೆ ನಿಂತು ಸ್ಪ್ಯಾನಿಶ್ ಕೈಬರಹದ ವಹಿ ತೆರೆಯುತ್ತಿದ್ದರು.

ಎಪ್ಪತ್ತರ ದಶಕದ ಮಾತು. ಇಬ್ರಾಹಿಂಪುರದಲ್ಲಿ ಅವರು ನಮ್ಮ ಪಕ್ಕದ ಮನೆಯವರು. ಹದಿನೈದು ವರ್ಷ ಹಡಗಿನಲ್ಲಿ ಅಡುಗೆ ಮಾಡಿ ಬಂದವರು. ಜೊತೆಗೆ ದುಡಿಯುತ್ತಿದ್ದ ಸ್ಪೇನಿನ ಗೆಳೆಯನಿಂದ ಅವನ ಭಾಷೆ ಕಲಿತಿದ್ದರು. ಆ ಗೆಳೆಯ ತನ್ನ ಊರಿನ ಹೊಲ, ಗುಡ್ಡ, ಹಳ್ಳಗಳನ್ನೆಲ್ಲ ಎರಡು ವಹಿಗಳಲ್ಲಿ ಬರೆದು, ಸಾಯುವ ಮುಂಚೆ ಚಾಚಾನ ಕೈಗಿಟ್ಟಿದ್ದ. ಅವನ ಮಗಳು ಬೆಳೆದದ್ದು ಇಂಗ್ಲೆಂಡಿನಲ್ಲಿ. ಆಕೆಗೆ ಬರುವುದು ಇಂಗ್ಲಿಷ್ ಒಂದೇ. ಅಪ್ಪನ ಊರನ್ನು ಆಕೆಗೆ ಇಂಗ್ಲಿಷಿನಲ್ಲಿ ತೋರಿಸುತ್ತೇನೆಂದು ಚಾಚಾ ಮಾತು ಕೊಟ್ಟಿದ್ದರು.

"ಅಕ್ಕೋರ, ನಂದು ಹಡಗಿನ ಇಂಗ್ಲಿಷ್. ನೀವು ಸಾಲ್ಯಾಗ ಕಲಸವ್ರು. ಒಂದೀಟು ತಿದ್ದಿ ಕೊಡ್ರಿ" ಎಂದು ಮೊದಲ ಹತ್ತು ಪುಟ ತಂದರು. ಹೈಸ್ಕೂಲಿನ ಇಂಗ್ಲಿಷ್ ಟೀಚರು ನಾನು, ಕೇಳಬೇಕೆ? ಪಠ್ಯಪುಸ್ತಕದಲ್ಲಿ ಓದಿದ್ದ ಹುಲ್ಲುಗಾವಲು, ಜುಳುಜುಳು ತೊರೆ, ಇಬ್ಬನಿ ಎಲ್ಲವನ್ನೂ ಧಾರಾಳವಾಗಿ ಸುರಿದೆ. ಚಾಚಾ ನಂಬಿ ಅಂಚೆಗೆ ಹಾಕಿದರು.

ಎರಡು ತಿಂಗಳಿಗೆ ಆ ಹುಡುಗಿಯ ಉತ್ತರ ಬಂತು: 'ಅಪ್ಪನ ಊರು ನಮ್ಮ ಮನೆಯ ಹಿಂದಿನ ಬಯಲಿನಂತೆಯೇ ಇದೆಯಲ್ಲ. ಹಾಗಾದರೆ ಅದನ್ನು ನೆನೆದು ಅವರು ಯಾಕೆ ಅಳುತ್ತಿದ್ದರು?'

ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಚಾಚಾ ಬೈಯಲಿಲ್ಲ. ಮರುದಿನ ರವಿವಾರ, ನನ್ನನ್ನೂ ಸಾರವಾಡಕ್ಕೆ ಕರೆದುಕೊಂಡು ಹೋದರು. ಡೋಣಿ ಹೊಳೆ ಬತ್ತಿತ್ತು, ಎರೆ ಬಾಯಿ ಬಿಟ್ಟಿತ್ತು.

"ಅವನ ಊರೂ ಹಿಂಗ ಐತ್ರಿ. ಹಸರು ಎಲ್ಲಿ ಕಾಣಸ್ತೈತಿ, ತೋರಸ್ರಿ ನೋಡೂಣು?"

ಅವರೇ ವಹಿ ತೆರೆದು ಒಂದು ಸಾಲಿನ ಮೇಲೆ ಬೆರಳಿಟ್ಟರು.

"ಮೊದಲ ಕನ್ನಡದಾಗ ಹೇಳ್ತೀನಿ. ಇಲ್ಲಿ ಹೊಲದಾಗ ಗಳೆ ಹೊಡ್ಯಾಂವಗ ಅದು ಕಣ್ಣಿಗೆ ಕಟ್ಟಬೇಕು. ಆಮ್ಯಾಲೆ ಇಂಗ್ಲಿಷ್. ಓದಿದಾಕಿಗೆ ನೀರಡಿಕಿ ಆಗಬೇಕ್ರಿ. ಅಲ್ಲೀತನಾ ನಾ ಬಿಡಾಂವಲ್ಲ."

ಬಿಡಲೂ ಇಲ್ಲ. ಎರಡು ಬೇಸಿಗೆ ಸಾರವಾಡ, ತಿಕೋಟಾ ಅಲೆದರು. ಹೊಲದಲ್ಲಿದ್ದವರನ್ನು ನಿಲ್ಲಿಸಿ ಒಂದೊಂದೇ ಸಾಲು ಒಪ್ಪಿಸಿದರು. ತಿಕೋಟಾದ ಮುದುಕನೊಬ್ಬ "ಇದು ನನ್ನ ಕಲ್ಲು ಮಡ್ಡಿ ಹೊಲಾನ ಐತಲ್ಲೋ ದಸ್ತಗೀರಾ, ಹೊರದೇಶದ್ದು ಅಂತೀಯಲ್ಲ!" ಎಂದ ದಿನ ನಮ್ಮ ಮನೆಗೆ ಪೇಡೆ ಬಂತು. ನಾನು ಎಲ್ಲಾದರೂ 'ಸುಂದರ' ಎಂದು ಸೇರಿಸಿದರೆ ಮಾತ್ರ ಅವರ ಪೆನ್ಸಿಲ್ ಗೆರೆ ಬೀಳುತ್ತಿತ್ತು.

ಮೊದಲ ವಹಿ ಪೂರ್ತಿ ಹೊಸದಾಗಿ ಇಂಗ್ಲೆಂಡಿಗೆ ಹೋಯಿತು. ಉತ್ತರ ಬರುವ ಹೊತ್ತಿಗೆ ಚಾಚಾ ಹಾಸಿಗೆ ಹಿಡಿದಿದ್ದರು. ನಾನೇ ಓದಿ ಹೇಳಿದೆ: 'ಓದುತ್ತ ಓದುತ್ತ ನಡುವೆ ಎದ್ದು ಹೋಗಿ ನೀರು ಕುಡಿದೆ. ಅಪ್ಪ ಯಾಕೆ ಅಳುತ್ತಿದ್ದರೆಂದು ಈಗ ಗೊತ್ತಾಯಿತು.'

ಚಾಚಾ ಕಣ್ಣೊರೆಸಿಕೊಂಡರು. "ಆತು. ಎರಡನೇ ವಹಿ ತಗೀರಿ, ಅಕ್ಕೋರ."

ಅವತ್ತು ಅರ್ಧ ಪುಟ ಹೇಳಿ ಬರೆಸಿದರು. ಅದೇ ವಾರ ತೀರಿಕೊಂಡರು. ಆ ಅರ್ಧ ಪುಟವನ್ನು ಇದ್ದ ಹಾಗೆಯೇ ಅಂಚೆಗೆ ಹಾಕಿದೆ. ಅದಕ್ಕೆ ನಾನು ಒಂದು ಹುಲ್ಲುಕಡ್ಡಿಯನ್ನೂ ಸೇರಿಸಲಿಲ್ಲ.